ಕೆಂಪು ಚುಕ್ಕೆ ನಿಂತ ಜಾಗ

ನಮ್ಮ ಆಸ್ಪತ್ರೆಯ ಔಷಧಿ ಕೋಣೆಯ ಹಿಂದೆ ಒಂದು ಗೋಡೌನ್ ಇತ್ತು. ಅದರಲ್ಲಿ ಸಲೈನ್ ಬಾಕ್ಸುಗಳನ್ನು ಗೋಡೆಗೆ ಒತ್ತಿ ಪೇರಿಸಿಡುವುದು ನನ್ನ ಕೆಲಸ. ಪೇರಿಸುವಾಗ ಮೂಲೆಯಲ್ಲಿ ಒಂದಿಷ್ಟು ಜಾಗ ಖಾಲಿ ಬಿಡುತ್ತಿದ್ದೆ. ಯಾಕೆ ಬಿಟ್ಟದ್ದು ಎಂದು ಯಾರಾದರೂ ಕೇಳಿದರೆ ಗಾಳಿ ಆಡಬೇಕಲ್ಲ ಎನ್ನುತ್ತಿದ್ದೆ. ನಿಜವಾಗಿ ಅದು ನಾನು ಕೂರುವ ಜಾಗ. ಬಾಗಿಲಲ್ಲಿ ನಿಂತವರಿಗೆ ಕಾಣುವುದಿಲ್ಲ. ಒಂದು ಗೋಣಿಯನ್ನು ಮಡಚಿ ಹಾಕಿಟ್ಟಿದ್ದೆ. ಎರಡು ಸಲ ಭಾರ ಹೊತ್ತರೆ ಮೂರನೆಯ ಸಲ ಅಲ್ಲಿ ಕೂತು, ಕಾಲು ಚಾಚಿ, ಮೊಣಕಾಲನ್ನು ಎರಡೂ ಕೈಯಿಂದ ಒತ್ತಿಕೊಂಡು, ನೋವು ಇಳಿದ ಮೇಲೆ ಎದ್ದು ಬರುತ್ತಿದ್ದೆ. ಇಷ್ಟು ವರ್ಷ ಅದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಬಾರದು ಎಂದೇ ನನ್ನ ಹಟ.

ಕಾಲಿನ ಕಥೆ ಹಳೆಯದು. ಆರನೇ ಇಯತ್ತೆಗೆ ಶಾಲೆ ಬಿಟ್ಟು ಅಪ್ಪನ ಜೊತೆ ಬೋಟಿಗೆ ಹೋದವನು ನಾನು. ಭಟ್ಕಳ ಬಂದರಿನಿಂದ ಹೊರಟ ಒಂದು ದಿನ, ಬಲೆ ಎಳೆಯುವ ಯಂತ್ರದ ಹಗ್ಗ ಕಾಲಿಗೆ ಸುತ್ತಿಕೊಂಡಿತು. ಜೀವ ಉಳಿಯಿತು, ಮೊಣಕಾಲು ಮೊದಲಿನಂತಾಗಲಿಲ್ಲ. ಬೋಟಿನ ಮೇಲೆ ಇನ್ನು ನಿಲ್ಲಲಿಕ್ಕಾಗದು ಎಂದಾದ ಮೇಲೆ ಹೊನ್ನಾವರದ ಈ ಆಸ್ಪತ್ರೆಯಲ್ಲಿ ಕೆಲಸ ಕೇಳಿದೆ. ಭಾರ ಹೊರುತ್ತೀಯಾ ಎಂದರು. ಮಾತಾಡದೆ ಎರಡು ಬಾಕ್ಸ್ ಹೆಗಲಿಗೇರಿಸಿ ಅಂಗಳದ ತುದಿಯವರೆಗೆ ನಡೆದು ತೋರಿಸಿದೆ. ಕುಂಟಲಿಲ್ಲ. ಕುಂಟದಿರಲು ಹಲ್ಲು ಎಷ್ಟು ಕಚ್ಚಬೇಕಾಯಿತು ಎಂಬುದು ನನಗೊಬ್ಬನಿಗೇ ಗೊತ್ತು.

ಮಾತ್ರೆ ಕೊಡುವವನು ನಾನಲ್ಲ. ಅದು ಓದಿದವರ ಕೆಲಸ, ಅದಕ್ಕೆ ಕೈ ಹಾಕಿದವನೂ ಅಲ್ಲ. ಕಿಟಕಿಯಲ್ಲಿ ಚೀಟಿ ಬರುತ್ತದೆ, ಫಾರ್ಮಸಿಸ್ಟರು ಓದುತ್ತಾರೆ, ರ‍್ಯಾಕಿನಿಂದ ತೆಗೆದು ಕೊಡುತ್ತಾರೆ. ರ‍್ಯಾಕಿನಲ್ಲಿ ಮುಗಿದದ್ದನ್ನು ಗೋಡೌನಿನಿಂದ ತಂದು ತುಂಬುವುದು, ವಾರ್ಡುಗಳಿಗೆ ಬುಟ್ಟಿ ಒಯ್ಯುವುದು, ಲಾರಿಯಿಂದ ಮಾಲು ಇಳಿಸುವುದು ನನ್ನ ಪಾಲು. ನಾನು ತರುವುದು ತಡವಾದರೆ ಕಿಟಕಿಯೂ ತಡ. ಹಾಗಾಗಿ ತಡ ಮಾಡಿದ್ದೇ ಇಲ್ಲ ಎಂಬ ಹೆಮ್ಮೆ ನನಗಿತ್ತು. ಈಗಲೂ ಇದೆ.

ಆ ಹಳೆಯ ಕೋಣೆ ಎಷ್ಟು ಇಕ್ಕಟ್ಟು ಎಂದರೆ, ಒಬ್ಬರು ರ‍್ಯಾಕಿನ ಎದುರು ನಿಂತರೆ ಹಿಂದಿನಿಂದ ಇನ್ನೊಬ್ಬರು ದಾಟಬೇಕಾದರೆ ಅಡ್ಡ ತಿರುಗಬೇಕು. ಬೋಟಿನ ಮೇಲೆ ಹಗ್ಗ ಬೀಸಿ ಬರುವಾಗ ನಾವು "ತಲೆ" ಎಂದು ಕೂಗುತ್ತಿದ್ದೆವು. ಕೂಗು ಕಿವಿಗೆ ಬಿದ್ದ ಕೂಡಲೇ ಎಲ್ಲರೂ ಬಗ್ಗುವುದು. ಆ ರೂಢಿಯಿಂದ ಇಲ್ಲಿ ಬಾಕ್ಸ್ ಹೊತ್ತು ದಾಟುವಾಗ ನಾನು "ಬೆನ್ನು" ಎನ್ನಲು ಶುರುಮಾಡಿದೆ. ಮೊದಮೊದಲು ನಕ್ಕರು. ಆಮೇಲೆ ಎಲ್ಲರೂ ಕಲಿತರು. ನಮ್ಮ ದೊಡ್ಡ ಮೇಡಂ, ಅಂದರೆ ಅಲ್ಲಿಯ ಹಿರಿಯ ಫಾರ್ಮಸಿಸ್ಟರು, ಫ್ರಿಜ್ಜಿನಿಂದ ಇನ್ಸುಲಿನ್ ತೆಗೆದುಕೊಂಡು ತಿರುಗುವಾಗಲೂ ಮೆತ್ತಗೆ "ಬೆನ್ನು" ಎನ್ನುತ್ತಿದ್ದರು. ಹೊರಗೆ ಸಾಲಿನಲ್ಲಿ ನಿಂತವರಿಗೆ ಇದು ಯಾವುದೋ ಔಷಧಿಯ ಹೆಸರು ಅನ್ನಿಸುತ್ತಿತ್ತೋ ಏನೋ.

ಆಸ್ಪತ್ರೆಗೆ ಹೊಸ ಕಟ್ಟಡ ಏಳುತ್ತದೆ ಎಂದಾದಾಗ ನಮಗೆಲ್ಲ ಒಂದೇ ಆಸೆ, ಅಗಲವಾದ ಕೋಣೆ. ನೆಲಮಹಡಿಯಲ್ಲಿ ಒಂದು ದೊಡ್ಡ ಹಜಾರ ಇತ್ತು. ಅದಷ್ಟೂ ನಮಗೆ ಕೊಟ್ಟರೆ ಗೋಡೌನೂ ಅಲ್ಲೇ ಪಕ್ಕದಲ್ಲಿ ಬರುತ್ತದೆ. ಆದರೆ ಸ್ಕ್ಯಾನಿಂಗ್ ಯಂತ್ರಕ್ಕೂ ಅದೇ ಹಜಾರದ ಮೇಲೆ ಕಣ್ಣು. ಅದಕ್ಕೆ ಅರ್ಧ ಹೋದರೆ ನಮಗೆ ಉಳಿಯುವುದು ಈಗಿನಷ್ಟೇ ಜಾಗ, ಗೋಡೌನ್ ಕೆಳಗೆ ನೆಲಮಾಳಿಗೆಗೆ. ಮಧ್ಯೆ ಇಳಿಜಾರಿನ ದಾರಿ. ಆ ದಾರಿಯನ್ನು ನಾನು ಕಟ್ಟಡ ಏಳುವಾಗಲೇ ಒಮ್ಮೆ ಹತ್ತಿ ಇಳಿದು ನೋಡಿದ್ದೆ. ಬರಿಗೈಯಲ್ಲಿ. ಇಳಿಯುವಾಗಲೇ ಮೊಣಕಾಲು ಉತ್ತರ ಹೇಳಿಬಿಟ್ಟಿತು. ದಿನವಿಡೀ ಭಾರ ಹೊತ್ತು ಅದನ್ನು ಹತ್ತುವುದು ನನ್ನಿಂದ ಆಗುವ ಮಾತಲ್ಲ. ಅಂದರೆ ಆ ಕೋಣೆ ಕಿರಿದಾದರೆ ನನ್ನ ಕೆಲಸವೂ ಮುಗಿದ ಹಾಗೆ. ಇದನ್ನು ನಾನು ಯಾರಿಗೂ ಹೇಳಲಿಲ್ಲ.

ಎಷ್ಟು ಜಾಗ ಬೇಕೆಂದು ಕಂಪ್ಯೂಟರೇ ಹೇಳುತ್ತದೆ ಎಂದರು ಆಡಳಿತದ ಸಾಹೇಬರು. ಅದಕ್ಕಾಗಿ ಹುಬ್ಬಳ್ಳಿ ಕಡೆಯ ಒಬ್ಬ ಹುಡುಗಿ ಬಂದಳು. ಇಂಜಿನಿಯರಿಂಗಿನ ಮೇಲಿನ ಓದು ಓದುತ್ತಿರುವವಳು. ನಾವು ಕೆಲಸ ಮಾಡುವುದನ್ನು ನೋಡಿ, ಯಾರಿಗೆ ಯಾವುದಕ್ಕೆ ಎಷ್ಟು ಹೊತ್ತು ಬೇಕೆಂದು ಅಳೆದು, ಕಂಪ್ಯೂಟರಿನೊಳಗೆ ನಮ್ಮಂತೆಯೇ ಓಡಾಡುವ ಚುಕ್ಕೆಗಳನ್ನು ಮಾಡುತ್ತಾಳಂತೆ. ಆಮೇಲೆ ಗೋಡೆಯನ್ನು ಆಚೆ ಈಚೆ ಸರಿಸಿ, ಚುಕ್ಕೆಗಳು ಎಲ್ಲಿ ಸಿಕ್ಕಿಕೊಳ್ಳುತ್ತವೆ, ಸಾಲು ಎಲ್ಲಿ ಬೆಳೆಯುತ್ತದೆ ಎಂದು ನೋಡುವುದು. ಮಧ್ಯದ ಗೋಡೆ ಏಳುವ ಮೊದಲೇ ಕೋಣೆಯನ್ನು ನಡೆಸಿ ನೋಡಬಹುದು. ಕೇಳಿ ನನಗೆ ಒಳ್ಳೆಯದೇ ಅನ್ನಿಸಿತು.

ಅವಳು ಬರುವ ಬೆಳಿಗ್ಗೆ ದೊಡ್ಡ ಮೇಡಂ ನಮ್ಮನ್ನೆಲ್ಲ ನಿಲ್ಲಿಸಿಕೊಂಡು, "ನೋಡಿ, ಹೊರಗಿನವರು ಬರ್ತಾ ಇದ್ದಾರೆ. ಕೌಂಟರಿನ ಮೇಲೆ ಚಾ ಲೋಟ ಕಾಣಬಾರದು" ಎಂದರು. ಅಷ್ಟೇ ಹೇಳಿದ್ದು. ಉಳಿದದ್ದು ನಮಗೇ ಗೊತ್ತಾಯಿತು. ಹೆಣ್ಣು ನೋಡಲು ಬರುವವರಿದ್ದರೆ ಮನೆಯಲ್ಲಿ ಯಾರಾದರೂ ಹೇಳಿಕೊಡಬೇಕೇ? ನೆಲ ಒರೆಸುತ್ತೇವೆ, ಒಳ್ಳೆಯ ಲೋಟ ಇಳಿಸುತ್ತೇವೆ, ಕೆಮ್ಮುವ ಅಜ್ಜನನ್ನು ಒಳಕೋಣೆಗೆ ಕಳಿಸುತ್ತೇವೆ. ಹಾಗೆಯೇ ಆಯಿತು. ಚೆನ್ನಾಗಿ ಕೆಲಸ ಮಾಡಿ ತೋರಿಸಿದರೆ ಚೆನ್ನಾದ ಜಾಗ ಕೊಡುತ್ತಾರೆ ಎಂದು ನಾವೆಲ್ಲ ನಂಬಿದ್ದೆವು.

ಹುಡುಗಿ ಬಾಗಿಲ ಬದಿಗೆ ನಿಂತು ಮೊಬೈಲಿನಲ್ಲಿ ಗಡಿಯಾರ ಹಚ್ಚಿಕೊಂಡಳು.

"ಕಾಕಾ, ನೀವು ನಿಮ್ಮಷ್ಟಕ್ಕ ಕೆಲಸಾ ಮಾಡ್ರಿ. ನಾ ಇಲ್ಲೇ ಇಲ್ಲ ಅಂತ ತಿಳ್ಕೋರಿ."

"ಎದುರೇ ನಿಂತಿದ್ದೀಯಲ್ಲ ತಂಗೀ, ಇಲ್ಲ ಅಂತ ಹ್ಯಾಂಗೆ ತಿಳ್ಕೊಳ್ಳೂದು" ಎಂದೆ. ನಕ್ಕಳು. ನಾನು ಬಾಕ್ಸ್ ಎತ್ತಿದೆ.

ಆ ದಿನಗಳಲ್ಲಿ ನಾನು ನಡೆಯಲಿಲ್ಲ, ಓಡಿದೆ. ಗೋಡೌನಿನ ಮೂಲೆಯ ಕಡೆಗೆ ತಿರುಗಿಯೂ ನೋಡಲಿಲ್ಲ. ಮೇಡಮ್ಮರು ಕಿಟಕಿ ಬಿಟ್ಟು ಕದಲಲಿಲ್ಲ, ನೀರು ಕುಡಿಯಲೂ ಹೋಗಲಿಲ್ಲ. ಸಾಲಿನಲ್ಲಿದ್ದ ಜನರಿಗೂ ಏನೋ ಹೊಳೆದಿರಬೇಕು. ಚಿಲ್ಲರೆಯನ್ನು ಮೊದಲೇ ಕೈಯಲ್ಲಿ ಹಿಡಿದುಕೊಂಡು ಬಂದರು. ಮಿರ್ಜಾನದಿಂದ ಗಂಡನ ಇನ್ಸುಲಿನ್ನಿಗೆ ತಿಂಗಳು ತಿಂಗಳೂ ಬರುವ ಒಬ್ಬ ಹೆಂಗಸು ಔಷಧಿ ಚೀಲಕ್ಕೆ ಹಾಕಿಕೊಳ್ಳುತ್ತ, "ಇವತ್ತೆಂತ, ಮಂತ್ರಿ ಬರ್ತಾರ? ಹೋದ ಸಲ ಇಷ್ಟೊತ್ತಿಗೆ ನಾ ಇಲ್ಲೇ ಕಂಬಕ್ಕೆ ಒರಗಿ ಒಂದು ನಿದ್ದೆ ಮಾಡಿ ಎದ್ದಿದ್ದೆ" ಎಂದಳು. ಮೇಡಂ ಕಣ್ಣು ಬಿಟ್ಟರು. ಹೆಂಗಸು, "ನಾನೆಂತ ಸುಳ್ಳು ಹೇಳಿದ್ನ?" ಎನ್ನುತ್ತಲೇ ಹೋದಳು. ಹುಡುಗಿಗೆ ಅದು ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

ಮುಂದಿನ ವಾರ ಅವಳು ಲ್ಯಾಪ್‌ಟಾಪ್ ತಂದು ಕೌಂಟರಿನ ಮೇಲೆ ಬಿಚ್ಚಿದಳು. ಮಧ್ಯಾಹ್ನ, ಸಾಲು ಕರಗಿದ ಹೊತ್ತು. ಪರದೆಯ ಮೇಲೆ ನಮ್ಮ ಕೋಣೆಯೇ ಮೇಲಿನಿಂದ ನೋಡಿದ ಹಾಗೆ ಇತ್ತು. ನೀಲಿ ಚುಕ್ಕೆಗಳು ಚೀಟಿ ತಂದವರು, ಹಸಿರು ಫಾರ್ಮಸಿಸ್ಟರು.

"ಕೆಂಪು ನೀವ್ರೀ, ಕಾಕಾ."

ನನ್ನನ್ನು ನಾನು ಹಾಗೆ ಎಂದೂ ನೋಡಿರಲಿಲ್ಲ. ಕೆಂಪು ಚುಕ್ಕೆ ಗೋಡೌನಿಗೆ ಹೋಯಿತು, ಬಂತು, ಹೋಯಿತು, ಬಂತು. ಎಲ್ಲೂ ನಿಲ್ಲಲಿಲ್ಲ. ಎದೆ ಉಬ್ಬಿತು ಎಂದೇ ಹೇಳಬೇಕು. ಬೋಟಿನಲ್ಲಿ ಇಪ್ಪತ್ತರ ವಯಸ್ಸಿನಲ್ಲಿ ನಾನಿದ್ದದ್ದು ಹಾಗೆಯೇ.

ಅವಳು ಗೋಡೆ ಸರಿಸಿದಳು. ಅರ್ಧ ಹಜಾರ, ಗೋಡೌನ್ ಕೆಳಗೆ. ಕೆಂಪು ಚುಕ್ಕೆ ಇಳಿಜಾರಿನಲ್ಲಿ ಇಳಿಯಿತು, ಅದೇ ವೇಗದಲ್ಲಿ ಹತ್ತಿತು. ಸಾಲು ಚೂರು ಬೆಳೆಯಿತು, ಮತ್ತೆ ಕರಗಿತು.

"ನೀವೆಲ್ಲಾ ಭಾಳ ಚುರುಕದೀರಿ. ಈ ಸಣ್ಣ ಕೋಣೀನೂ ಸಾಕಾಗತದ ಅಂತ ಬರ್ಲಿಕ್ಕತ್ತದ" ಎಂದಳು. ಹೊಗಳಿಕೆಯ ದನಿಯಲ್ಲೇ ಹೇಳಿದ್ದು. ಸ್ವಲ್ಪ ಹೊತ್ತು ಪರದೆ ನೋಡಿ, "ಒಂದ ನನಗ ತಿಳೀವಲ್ದು. ಯಾರೂ ಕೂತದ್ದು ನಾ ನೋಡೇ ಇಲ್ಲ" ಎಂದೂ ಸೇರಿಸಿದಳು.

ದೊಡ್ಡ ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಇಷ್ಟು ಜಾಗದಲ್ಲಿ ಇಷ್ಟು ಚೆನ್ನಾಗಿ ಮಾಡುವವರಿಗೆ ಇನ್ನೂ ಜಾಗ ಯಾಕೆ? ನಾವು ಓಡಿ ಓಡಿ ಅದನ್ನೇ ಹೇಳಿದ್ದೆವು.

ಸಂಜೆ ಮನೆಯಲ್ಲಿ ಕಾಲು ಮಡಚಲು ಆಗಲಿಲ್ಲ. ಹೆಂಡತಿ ಮೀನು ಪೇಟೆಯಿಂದ ಬಂದವಳು ಕೈ ತೊಳೆದು, ಉಪ್ಪನ್ನು ಹುರಿದು ಬಟ್ಟೆಯಲ್ಲಿ ಕಟ್ಟಿ ಮೊಣಕಾಲಿಗೆ ಒತ್ತತೊಡಗಿದಳು. ನಡೆದದ್ದನ್ನು ಹೇಳಿದೆ. ಅವಳು ತಲೆ ಎತ್ತಲಿಲ್ಲ.

"ಓಡಿದ್ದು ಆ ಹುಡುಗಿಗೆ ತೋರ್ಸೂಕೆ. ಊದಿದ್ದು ನಂಗೆ ತೋರ್ಸೂಕೆ. ಅಲ್ವ?"

"ಸುಮ್ನಿರು ಮಾರಾಯ್ತಿ."

"ನಾ ಸುಮ್ನೇ ಇದ್ದೆ. ನಿನ್ನ ಕಾಲು ಸುಮ್ನಿರೂದಿಲ್ಲ." ಇನ್ನೊಮ್ಮೆ ಗಂಟನ್ನು ಬಿಸಿಗೆ ಹಿಡಿದು, "ನಿನ್ನ ಅಳತೆ ತಕಂಡಳಂತೆ. ಯಾರ ಅಳತೆ ಅದು? ನನ್ನ ಮದಿವ್ಯಾದಾಗಿನ ಗಂಡಂದು" ಎಂದಳು.

ನಾನು ಗಂಟನ್ನು ಅವಳ ಕೈಯಿಂದ ತೆಗೆದು ನಾನೇ ಒತ್ತಿಕೊಂಡೆ.

ಮರುದಿನ ಹುಡುಗಿಯನ್ನು ಗೋಡೌನಿಗೆ ಕರೆದೆ. ಸಲೈನ್ ಬಾಕ್ಸುಗಳ ಹಿಂದಿನ ಮೂಲೆ ತೋರಿಸಿದೆ. ಮಡಚಿದ ಗೋಣಿ, ಗೋಡೆಯ ಮೇಲೆ ನನ್ನ ತಲೆ ತಾಗಿ ತಾಗಿ ಆದ ಎಣ್ಣೆಯ ಕಲೆ. ಆ ಕಲೆಯನ್ನು ನಾನೂ ಅವತ್ತೇ ಸರಿಯಾಗಿ ನೋಡಿದ್ದು.

"ತಂಗೀ, ನಿನ್ನ ಕೆಂಪು ಚುಕ್ಕೆ ಕೂರೂದಿಲ್ಲ. ನಾ ಇಲ್ಲಿ ಕೂರ್ತೆ" ಎಂದೆ. ಪ್ಯಾಂಟು ಮೇಲೆತ್ತಿ ಮೊಣಕಾಲನ್ನೂ ತೋರಿಸಿದೆ.

ಅವಳು ನಗಲಿಲ್ಲ. ಅಯ್ಯೋ ಪಾಪ ಎಂದೂ ಅನ್ನಲಿಲ್ಲ. ಅದಕ್ಕೆ ನಾನು ಅವಳಿಗೆ ಈಗಲೂ ಋಣಿ.

"ನಮ್ಮ ಸರ್ ಮೊದಲೇ ಹೇಳಿದ್ರು. ನೋಡೋರು ಬಂದ್ರ ಮಂದಿ ಜೋರ ಕೆಲಸಾ ಮಾಡತಾರ, ಮೊದಲ್ನೇ ದಿನದ ಲೆಕ್ಕಾ ಬಿಟ್ಟಬಿಡು ಅಂತ. ಬಿಟ್ಟಿದ್ದೆ. ನೀವು ಎಲ್ಲಾ ದಿನಾನೂ ಹಂಗ ಮಾಡ್ತೀರಿ ಅಂತ ಅವರಿಗೂ ಗೊತ್ತಿರಲಿಕ್ಕಿಲ್ಲ."

"ನಾವು ಹಾಗೇ" ಎಂದೆ.

ಅವಳು ಸ್ವಲ್ಪ ಯೋಚಿಸಿ, "ಕಾಕಾ, ಮತ್ತ ಅಳೀತೀನಿ. ಆದ್ರ ನೀವು ಕೂರೋದನ್ನ ಹಾಕಿದ್ರ ಮ್ಯಾಲಿನವ್ರಿಗೂ ಕಾಣಸತದ. ಆಗ್ಲೇನ್ರಿ?" ಎಂದು ಕೇಳಿದಳು.

ಅಲ್ಲೇ ಇದ್ದದ್ದು ವಿಷಯ. ತೋರಿಸದಿದ್ದರೆ ಗೋಡೌನ್ ಕೆಳಗೆ ಹೋಗುತ್ತದೆ, ನನ್ನ ಕೆಲಸ ಇಳಿಜಾರಿನಲ್ಲಿ ಮುಗಿಯುತ್ತದೆ. ತೋರಿಸಿದರೆ, ಕುಂಟನನ್ನು ಯಾಕೆ ಇಟ್ಟುಕೊಳ್ಳಬೇಕು ಎಂದು ಅವತ್ತೇ ಮುಗಿಯಬಹುದು. ಹೊರಗೆ ಯಾರೋ ಕಿಟಕಿ ಬಡಿಯುತ್ತಿದ್ದರು.

"ಹಾಕು" ಎಂದೆ.

ಸಂತೆಯ ದಿನ, ಜನ ಹೆಚ್ಚಿರುವ ದಿನವನ್ನೇ ಆರಿಸಿದಳು. ಅವತ್ತು ನಾನು ನನ್ನ ಕಾಲು ಕೇಳಿದಷ್ಟೇ ನಡೆದೆ. ಬಿಸಿಲಲ್ಲಿ ಲಾರಿ ಇಳಿಸಿದ್ದಕ್ಕಿಂತ ಅದು ಕಷ್ಟವಾಯಿತು. ಕಿಟಕಿಯ ಆಚೆ ಮುಟ್ಟಳ್ಳಿ ಕಡೆಯ ಪರಿಚಯದವನೊಬ್ಬ ನನ್ನ ಕುಂಟು ನಡಿಗೆ ನೋಡಿ, "ಎಂತ ಆತು ನಿಂಗೆ, ಬಿದ್ಯ?" ಎಂದು ಕೂಗಿದ. "ಬಿದ್ದದ್ದು ಹಳೇದು" ಎಂದೆ. ಮೂಲೆಗೆ ಹೋಗಿ ಕೂತೆ. ಕೂತದ್ದನ್ನು ಒಬ್ಬರು ಗಡಿಯಾರ ಹಿಡಿದು ನೋಡುತ್ತಿದ್ದಾರೆ ಎಂಬುದೇ ನೋವಿಗಿಂತ ದೊಡ್ಡದಾಗಿತ್ತು. ದೊಡ್ಡ ಮೇಡಂ ಒಂದು ಸಲ ಬಾಗಿಲವರೆಗೆ ಬಂದರು. ನೋಡಿದರು. ವಾಪಸು ಹೋಗಿ, ಕೌಂಟರಿನ ಹಿಂದೆ ನಿಂತು ಸಾವಕಾಶ ಒಂದು ಲೋಟ ನೀರು ಕುಡಿದರು. ಅವರು ಅಲ್ಲಿ ನಿಂತು ನೀರು ಕುಡಿದದ್ದು ನಾನು ಕಂಡದ್ದು ಅದೇ ಮೊದಲು.

ಕೊನೆಗೆ ಆಡಳಿತದ ಕೋಣೆಯಲ್ಲಿ ತೋರಿಸುವ ದಿನ ನಮ್ಮನ್ನೂ ಕರೆದರು. ಮೇಡಮ್ಮರಿಗೆ ಕುರ್ಚಿ ಇತ್ತು, ನಾನು ಗೋಡೆಗೆ ಬೆನ್ನು ಕೊಟ್ಟು ನಿಂತೆ. ಗೋಡೆಯ ಮೇಲಿನ ದೊಡ್ಡ ಟಿವಿಯಲ್ಲಿ ಚುಕ್ಕೆಗಳು ಹರಿದಾಡತೊಡಗಿದವು. ಸಣ್ಣ ಕೋಣೆ, ಕೆಳಗಿನ ಗೋಡೌನ್. ಕೆಂಪು ಚುಕ್ಕೆ ಇಳಿಯಿತು, ಮೆಲ್ಲಗೆ ಹತ್ತಿತು, ಮತ್ತೆ ಇಳಿಯಿತು. ಅಲ್ಲಿ ನಿಂತುಬಿಟ್ಟಿತು. ಮೇಲೆ ಹಸಿರು ಚುಕ್ಕೆಗಳು ಖಾಲಿ ರ‍್ಯಾಕಿನ ಎದುರು ಕಾದವು. ನೀಲಿ ಚುಕ್ಕೆಗಳ ಸಾಲು ಬಾಗಿಲು ದಾಟಿ ಹೊರಗೆ ಹೋಯಿತು.

ಸಾಹೇಬರು ಮುಂದಕ್ಕೆ ಬಾಗಿ, "ಈ ಕೆಂಪು ಯಾಕೆ ನಿಂತದ್ದು? ನಿಮ್ಮ ಪ್ರೋಗ್ರಾಂ ಹ್ಯಾಂಗ್ ಆಯ್ತಾ?" ಎಂದರು.

ಹುಡುಗಿ ನನ್ನ ಕಡೆ ನೋಡಲಿಲ್ಲ. ನನ್ನ ಮಾನ ಕಾಯಲು ಅವಳು ಏನಾದರೂ ಹೇಳುತ್ತಿದ್ದಳೇನೋ. ಅದಕ್ಕೆ ಮೊದಲೇ ನಾನು ಹೇಳಿದೆ.

"ಅದು ನಾನು, ಸರ್. ಕೂತಿದ್ದೇನೆ."

ಸಾಹೇಬರು ಕೆಟ್ಟವರಲ್ಲ. ಕೇಳಬೇಕಾದದ್ದನ್ನೇ ಕೇಳಿದರು, ನನ್ನ ಮುಖ ನೋಡದೆ.

"ಆ ಜಾಗದಲ್ಲಿ ಬೇರೆಯವರು ಇದ್ದರೆ ಹೇಗೆ ಬರ್ತದೆ?"

ಈಗ ಹುಡುಗಿ ನನ್ನ ಕಡೆ ತಿರುಗಿದಳು. "ನೋಡು ತಂಗೀ" ಎಂದೆ. ಅವಳು ಏನೋ ಒತ್ತಿದಳು. ಕೆಂಪು ಚುಕ್ಕೆ ಎದ್ದು ಓಡತೊಡಗಿತು. ಸಾಲು ಕರಗಿತು. ಸಣ್ಣ ಕೋಣೆಯೇ ಸಾಕಾಯಿತು. ನನ್ನ ಜಾಗದಲ್ಲಿ ಇನ್ನೊಬ್ಬ ಓಡುವುದನ್ನು ನಾನು ನಿಂತು ನೋಡಿದೆ. ಸತ್ಯ ಎಂದರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮನೆಗೆ ಹೋಗಿ ಹೆಂಡತಿಗೆ ಹೇಗೆ ಹೇಳುವುದು ಎಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ.

ಆಗ ದೊಡ್ಡ ಮೇಡಂ ಬಾಯಿ ಬಿಟ್ಟರು. ಹೆಚ್ಚು ಮಾತಾಡುವವರಲ್ಲ ಅವರು.

"ಆ ಹೊಸಬನಿಗೆ ಸ್ವಲ್ಪ ವಯಸ್ಸು ಮಾಡಿ."

"ಅಂದ್ರ ಹ್ಯಾಂಗ್ರೀ ಮೇಡಂ?"

"ನಿಧಾನ ಮಾಡಿ. ಒಂದೊಂದೇ ಚೂರು. ನೋಡುವ."

ಹುಡುಗಿ ಪರದೆಯ ಒಂದು ಗೆರೆಯ ಮೇಲೆ ಗುಂಡಿ ಸರಿಸಿದಳು. ಚುಕ್ಕೆ ನಿಧಾನವಾಯಿತು, ಅಷ್ಟೇನೂ ಅಲ್ಲ, ಬೆಳಿಗ್ಗೆಗಿಂತ ಸಂಜೆ ಮನುಷ್ಯ ನಿಧಾನವಾಗುತ್ತಾನಲ್ಲ, ಅಷ್ಟು. ಸಾಲು ಬಾಗಿಲಿಗೆ ಬಂತು. ಇನ್ನೊಂದು ಚೂರು. ಸಾಲು ಹೊರಗೆ ಹೋಯಿತು. ಅವಳಿಗೇ ಕುತೂಹಲ ಹುಟ್ಟಿರಬೇಕು, ಯಾರೂ ಹೇಳದೆಯೇ ಗೋಡೌನನ್ನು ಮೇಲಕ್ಕೆ ತಂದು ಗೋಡೆ ಅಗಲಿಸಿ ಅದೇ ಗುಂಡಿಯನ್ನು ಮತ್ತೆ ಸರಿಸಿದಳು. ಈಗ ಚುಕ್ಕೆ ಎಷ್ಟು ನಿಧಾನವಾದರೂ ಸಾಲು ಹೆಚ್ಚು ಬೆಳೆಯಲಿಲ್ಲ. ನನ್ನಷ್ಟು ನಿಧಾನಕ್ಕೆ ತಂದಳು, ನಡುವೆ ಕೂರಿಸಿದಳು. ಆಗಲೂ ಕಿಟಕಿ ನಡೆಯಿತು.

"ಇವತ್ತು ಯಾರನ್ನೇ ಹಾಕಿ, ಸರ್" ಎಂದರು ಮೇಡಂ. "ಅವನಿಗೂ ಮೊಣಕಾಲು ಇದೆ. ಅವನಿಗೆ ವಯಸ್ಸಾಗ್ತದೆ. ಗೋಡೆ ಮಾತ್ರ ಅಲ್ಲೇ ಇರ್ತದೆ."

ಸಾಹೇಬರು "ನೋಡುವ" ಎಂದರು. ನಾವು ಹೊರಗೆ ಬಂದೆವು. ಮೆಟ್ಟಿಲಿಳಿಯುವಾಗ ಮೇಡಂ ನನ್ನ ಪಕ್ಕದಲ್ಲೇ, ನನ್ನ ನಡಿಗೆಗೆ ಸರಿಯಾಗಿ ಇಳಿದರು. ಮೂಲೆಯ ಬಗ್ಗೆ ಅವರಿಗೆ ಮೊದಲೇ ಗೊತ್ತಿತ್ತೇ ಎಂದು ಕೇಳಬೇಕೆಂದು ಬಾಯಿಗೆ ಬಂದಿತ್ತು. ಕೇಳಲಿಲ್ಲ.

ಇಡೀ ಹಜಾರ ನಮಗೆ ಸಿಗಲಿಲ್ಲ. ಸ್ಕ್ಯಾನಿಂಗಿಗೂ ಅಲ್ಲೇ ಜಾಗ ಆಯಿತು. ಆದರೆ ಮಧ್ಯದ ಗೋಡೆ ಅವರ ಕಡೆಗೆ ಸರಿಯಿತು, ಗೋಡೌನ್ ನಮ್ಮ ಪಕ್ಕದಲ್ಲೇ, ಒಂದೇ ನೆಲದ ಮೇಲೆ ಬಂತು. ಯಾವ ಮಾತು ಯಾರಿಗೆ ತಾಗಿತೋ, ಅಥವಾ ಬರೇ ಆ ನೀಲಿ ಸಾಲು ನೋಡಿ ಹೆದರಿದರೋ, ನಮಗೆ ಯಾರೂ ಹೇಳಲಿಲ್ಲ. ಬಾಕ್ಸ್ ತಳ್ಳಲು ಒಂದು ಗಾಡಿ ಕೊಟ್ಟರು. ನನ್ನ ಕೆಲಸ ಉಳಿಯಿತು. ಈಗ ಎಲ್ಲರಿಗೂ ನನ್ನ ಕಾಲಿನ ವಿಷಯ ಗೊತ್ತು. ನಾನು ಬಗ್ಗುವ ಮೊದಲೇ ಯಾರಾದರೂ ಬಾಕ್ಸಿಗೆ ಕೈ ಹಾಕುತ್ತಾರೆ. ಅದು ನನಗೆ ಇಷ್ಟವಿಲ್ಲ, ಇಷ್ಟವಿಲ್ಲ ಎಂದು ಹೇಳುವುದನ್ನು ಬಿಟ್ಟಿದ್ದೇನೆ.

ಹುಡುಗಿ ಮಾಡಿದ ನಕ್ಷೆಯಲ್ಲಿ ಕೌಂಟರಿನ ಹಿಂದೆ, ಕಿಟಕಿಗೆ ಎದುರಾಗಿ ಒಂದು ಸಣ್ಣ ವೃತ್ತ ಇತ್ತಂತೆ. ಕಂಬವೇನೋ ಎಂದುಕೊಂಡ ಗಾರೆಯವರು ಕೇಳಿದಾಗ ಅದು ಸ್ಟೂಲ್ ಎಂದು ತಿಳಿಯಿತು. ಹೊಸ ಕೋಣೆಗೆ ಬಂದ ಮೇಲೆ ಮೇಡಂ ಅಲ್ಲಿ ಸರಿಯಾಗಿ ಒಂದು ಸ್ಟೂಲ್ ತರಿಸಿ ಹಾಕಿದರು. ಗಾಡಿ ತಳ್ಳಿಕೊಂಡು ಅದರ ಪಕ್ಕದಲ್ಲೇ ಬಹಳ ದಿನ ಓಡಾಡಿದೆ. ಬೇರೆಯವರು ಕೂತರು, ನಾನು ಕೂರಲಿಲ್ಲ. ಹೊಸ ಗೋಡೌನಿನಲ್ಲಿ ಮೂಲೆಯನ್ನೂ ಬಿಟ್ಟಿರಲಿಲ್ಲ. ಬಾಕ್ಸುಗಳಿಗೆ ಒರಗಿ ನಿಲ್ಲುತ್ತಿದ್ದೆ.

ಒಂದು ಸಂತೆಯ ದಿನ ಕಾಲು ಕೇಳಲಿಲ್ಲ. ಎದುರಿಗೆ ಸಾಲು ಉದ್ದಕ್ಕೆ ಇತ್ತು. ಮಿರ್ಜಾನದ ಹೆಂಗಸು ಮುಂದೆಯೇ ನಿಂತಿದ್ದಳು. ನಾನು ಗಾಡಿಯನ್ನು ಬದಿಗಿಟ್ಟು ಸ್ಟೂಲಿನ ಮೇಲೆ ಕೂತು ಕಾಲು ಚಾಚಿದೆ. ಅವಳು ನನ್ನನ್ನು ನೋಡಿದಳು, ಚಾಚಿದ ಕಾಲನ್ನು ನೋಡಿದಳು. ಏನಾದರೂ ಅನ್ನುತ್ತಾಳೆ ಎಂದು ಕಾದೆ. ಚೀಲವನ್ನು ಈ ಕೈಯಿಂದ ಆ ಕೈಗೆ ಮಾಡಿಕೊಂಡು ಚೀಟಿಯನ್ನು ಕಿಟಕಿಯೊಳಗೆ ಚಾಚಿದಳು, ಅಷ್ಟೇ. ಮೇಡಂ ಇನ್ಸುಲಿನ್ ತರಲು ನನ್ನ ಹಿಂದಿನಿಂದ ದಾಟಿದರು. ಜಾಗ ಬೇಕಾದಷ್ಟಿತ್ತು. ಆದರೂ ಅವರು ಮೆತ್ತಗೆ "ಬೆನ್ನು" ಎಂದರು, ನಾನು ಕೂತಲ್ಲೇ ಚೂರು ಮುಂದೆ ಬಾಗಿದೆ.